ಹುಲೆಪ್ಪನ ಡಂಗುರ

ಹುಲೆಪ್ಪ ಸುಳ್ಳ ಎಂದು ಊರಲ್ಲಿ ಮೊದಲು ಅಂದವನು ನಾನು. ಇದನ್ನು ಈಗಲೇ ಹೇಳಿಬಿಡುತ್ತೇನೆ. ಕಡೆಗೆ ಗೊತ್ತಾಗಿ ಬೈಯುವ ಬದಲು ಮೊದಲೇ ಬೈದು ಮುಗಿಸಿದರೆ ನಿಮಗೂ ಹಗುರ, ನನಗೂ ಹಗುರ.

ನನ್ನ ಹೆಸರು ಶಿವರಾಯ. ಕಡಗಂಚಿಯಿಂದ ಎರಡು ಹರದಾರಿ ದೂರದ ನಮ್ಮೂರಲ್ಲಿ ನಮ್ಮದು ಗಾಣದ ಮನೆ. ಊರೆಲ್ಲ ತಿನ್ನುತ್ತಿದ್ದದ್ದು ನಮ್ಮ ಗಾಣದ ಕುಸುಬಿ ಎಣ್ಣೆಯನ್ನೇ. ಎಣ್ಣೆಗೆ ಬಂದವರು ಗಾಣ ಸುತ್ತುವವರೆಗೆ ಕೂತು ಮಾತಾಡುತ್ತಾರೆ, ಹಾಗಾಗಿ ಊರಿನ ಮಾತೂ ಅರ್ಧ ನಮ್ಮಲ್ಲೇ ಹಿಂಡಿ ಹೊರಗೆ ಬೀಳುತ್ತಿತ್ತು. ನನ್ನ ಬಾಯಿ ದೊಡ್ಡದಾದದ್ದು ಹೀಗೆ.

ಹುಲೆಪ್ಪ ಊರಾಚೆಯ ಕೇರಿಯವನು. ಊರಿನ ಡಂಗುರ ಹೊಡೆಯುವ ಕೆಲಸ ಅವನ ಅಜ್ಜನ ಕಾಲದಿಂದ ಆ ಮನೆಯದು. ಆಗ ನಿಜಾಮರ ರಾಜ್ಯ. ಹುಕುಮು ಬರುತ್ತಿದ್ದದ್ದು ಉರ್ದುವಿನಲ್ಲಿ. ಊರ ಲೆಕ್ಕ ಬರೆಯುವ ಪಟವಾರಿ ಅದನ್ನು ಓದಿ ಕನ್ನಡದಲ್ಲಿ ಹೇಳುತ್ತಿದ್ದ. ಹುಲೆಪ್ಪ ಕೇಳಿಕೊಂಡು ಮನೆಗೆ ಹೋಗುತ್ತಿದ್ದ. ಅಲ್ಲಿ ಹೆಂಡತಿ ಮಲ್ಕಮ್ಮ ಜೋಳದ ರೊಟ್ಟಿ ಬಡಿಯುತ್ತ ಕೂತಿರುತ್ತಿದ್ದಳು. ಅವನು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅವಳ ಕೈಯ ತಟ್ಟಿಗೆ ಸರಿಯಾಗಿ ಹುಕುಮಿನ ಮಾತನ್ನು ಕೂಡಿಸಿಕೊಳ್ಳುತ್ತಿದ್ದ. ಒಂದು ಬುಟ್ಟಿ ರೊಟ್ಟಿ ಆಗುವುದರೊಳಗೆ ಸರ್ಕಾರದ ಮಾತು ಬಾಯಿಪಾಠವಾಗುತ್ತಿತ್ತು. ಆಮೇಲೆ ಬಾರಿಸುವ ಚರ್ಮದ ಹಲಗಿಯನ್ನು ಬೆಂಕಿಗೆ ಹಿಡಿದು ಕಾಯಿಸಿ, ಊರಬಾಗಿಲ ಅಗಸಿ, ಚಾವಡಿ, ಹಣಮಪ್ಪನ ಗುಡಿ, ಮಸೂತಿ, ಬಾವಿಕಟ್ಟೆ, ನಮ್ಮ ಗಾಣದ ಮನೆ, ಕಡೆಗೆ ಕೇರಿ, ಹೀಗೆ ಏಳು ಕಡೆ ನಿಂತು ಕೂಗುತ್ತಿದ್ದ. ಏಳು ಕಡೆ ಕೂಗಿದ ಮಾತು ಊರಿಗೆ ಗಟ್ಟಿ ಮಾತು. ಅದನ್ನು ಹಿಂದಕ್ಕೆ ತೆಗೆಯಬೇಕಾದರೂ ಅದೇ ಏಳು ಕಡೆ ಮತ್ತೆ ಹಲಗಿ ಬಾರಿಸಿ ತೆಗೆಯಬೇಕು. ಒಮ್ಮೆ ದೌಲತರಾಯ ಗೌಡರ ಎಮ್ಮೆ ಕಳೆದಿದೆಯೆಂದು ಡಂಗುರವಾಯಿತು. ಎಮ್ಮೆ ಸಂಜೆಗೇ ಸಿಕ್ಕಿತು, ಆದರೆ ಸಿಕ್ಕಿತೆಂದು ಡಂಗುರ ಹೊಡೆಸಲು ಗೌಡರು ಮರೆತರು. ಒಂದು ತಿಂಗಳು ಜನ ಕಂಡಕಂಡವರ ಎಮ್ಮೆ ಹಿಡಿದು ತಂದು ಅವರ ಬಾಗಿಲಿಗೆ ಕಟ್ಟಿದರು.

ನಿಜಾಮರ ಜುಬಿಲಿಯಾದ ವರ್ಷ ದಸರೆಯ ಹೊತ್ತಿಗೆ ಊರಲ್ಲಿ ಇಲಿ ಬೀಳತೊಡಗಿದವು. ಪ್ಲೇಗು ಬಂತೆಂದು ಎಲ್ಲರಿಗೂ ತಿಳಿಯಿತು. ತಾಲೂಕಿನ ಸಾಹೇಬರು ಕುದುರೆ ಏರಿ ಬಂದು, ಊರು ಬಿಟ್ಟು ಹೊಲದಲ್ಲಿ ಜೋಪಡಿ ಹಾಕಿರಿ ಎಂದರು. ಅಲ್ಲಿಗೆ ಜನ ತಯಾರಿದ್ದರು. ಆದರೆ ಎರಡನೆಯ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು. ಮನೆಯೊಳಗೆ ಬಿಸಿಲು ಬಿದ್ದರೆ ಮಾತ್ರ ಪ್ಲೇಗು ಸಾಯುತ್ತದೆ, ಆದ್ದರಿಂದ ಮಾಳಿಗೆ ತೆರೆಯಬೇಕು ಎಂದರು. ನಮ್ಮ ಕಡೆಯ ಮಾಳಿಗೆ ಎಂದರೆ ತೊಲೆ, ಜಂತಿ, ಅದರ ಮೇಲೆ ಮೊಣಕಾಲುದ್ದ ಮಣ್ಣು. ಕಟ್ಟಲು ಒಂದು ತಲೆಮಾರು ಬೇಕು. ಯಾರೂ ಒಪ್ಪಲಿಲ್ಲ. ಮುದುಕರು ಹೊಸ್ತಿಲ ಮೇಲೆ ಅಡ್ಡ ಮಲಗಿದರು.

ಆಗ ಸಾಹೇಬರು ಗೌಡರನ್ನೂ ಪಟವಾರಿಯನ್ನೂ ಹುಲೆಪ್ಪನನ್ನೂ ಚಾವಡಿಗೆ ಕರೆದು ಏನೋ ಹೇಳಿದರು. ಹುಲೆಪ್ಪ ಮನೆಗೆ ಹೋದ, ರೊಟ್ಟಿಯ ಹೊತ್ತು ಕಳೆಯಿತು, ಹಲಗಿ ಕೇಳಿಸಿತು. ಗಾಣದ ಮನೆಯ ಮುಂದೆ ಅವನು ಕೂಗಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

"ಕೇಳ್ರೆಪೋ ಕೇಳ್ರಿ! ಸರ್ಕಾರದ ಹುಕುಮ್ ಅದ. ನಾಳಿ ಹೊತ್ತು ಮುಳುಗೂದ್ರೊಳಗ ಎಲ್ಲಾರೂ ಊರು ಬಿಡಬೇಕು. ಮಾಳಗಿ ತೆರದು ಬಿಸಲು ಬಿಡಬೇಕು. ತೆರದ ಮಾಳಗಿ ಮಿರಗಾ ಕೂಡೂದ್ರೊಳಗ ಸರ್ಕಾರೇ ಮುಚ್ಚಿಸಿ ಕೊಡತದ. ಕೇಳ್ರೆಪೋ ಕೇಳ್ರಿ!"

ಮಿರಗಾ ಎಂದರೆ ಮೃಗಶಿರಾ ಮಳೆ, ಅದಕ್ಕೆ ಇನ್ನೂ ಎಂಟು ತಿಂಗಳಿತ್ತು. ಜನ ಮುಖ ಮುಖ ನೋಡಿಕೊಂಡರು. ಹುಲೆಪ್ಪನ ಡಂಗುರ ಅದುವರೆಗೆ ಹುಸಿ ಹೋದದ್ದಿರಲಿಲ್ಲ. ಮರುದಿನ ನಾವೇ ಗುದ್ದಲಿ ಹಿಡಿದು ಮಾಳಿಗೆ ಹತ್ತಿದೆವು. ಸಂಜೆಗೆ ಊರು ಖಾಲಿ.

ಜೋಪಡಿಗೆ ಹೋದ ಬಹಳ ಜನರ ಜೀವ ಉಳಿಯಿತು. ಹುಲೆಪ್ಪ ಉಳಿಯಲಿಲ್ಲ. ಊರೊಳಗೆ ಯಾರಾದರೂ ಉಳಿದಿದ್ದಾರೆಯೇ ನೋಡಿ ಬಾ ಎಂದು ಪಟವಾರಿ ದಿನಾ ಅವನನ್ನೇ ಅಟ್ಟುತ್ತಿದ್ದ. ಹನ್ನೆರಡನೆಯ ದಿನ ಅವನಿಗೆ ಜ್ವರ ಬಂತು, ಹದಿನಾಲ್ಕನೆಯ ದಿನ ಹೋದ. ಮಲ್ಕಮ್ಮ ಅವನ ಹಲಗಿಯನ್ನು ಸೀರೆಯ ಚೂರಿನಲ್ಲಿ ಸುತ್ತಿ ಜೋಪಡಿಯ ಗೂಟಕ್ಕೆ ತೂಗುಹಾಕಿದಳು.

ಹೋಳಿ ಹಬ್ಬಕ್ಕೆ ಊರಿಗೆ ಮರಳಿದೆವು. ಯುಗಾದಿ ಆಯಿತು, ಬಸವ ಜಯಂತಿ ಆಯಿತು, ಸರ್ಕಾರದ ಒಂದು ತೊಲೆ ಬರಲಿಲ್ಲ. ಆ ಸಾಹೇಬರಿಗೆ ಬೇರೆ ಕಡೆ ಬದಲಿಯಾಯಿತೆಂದು ಸುದ್ದಿ ಬಂತು. ಇದ್ದವರು ತಮ್ಮ ಮಾಳಿಗೆ ತಾವೇ ಮುಚ್ಚಿಕೊಂಡರು. ನಮ್ಮಂಥ ಇಲ್ಲದವರು ಜೋಳದ ಕಣಿಕೆ ಹೊದಿಸಿ ಕಾದೆವು. ಮಿರಗಾ ಮಳೆ ಸರ್ಕಾರವನ್ನು ಕಾಯಲಿಲ್ಲ. ಮೂರನೆಯ ದಿನ ನಮ್ಮ ನಡುಮನೆಯ ಗೋಡೆ ನೀರು ಕುಡಿದು ಕುಸಿಯಿತು. ಒಳಗೆ ಮಲಗಿದ್ದ ನಮ್ಮವ್ವ ಕಸ್ತೂರಿಬಾಯಿಯ ಕಾಲು ಮುರಿಯಿತು. ಅವಳು ಆಮೇಲೆ ಎದ್ದು ಓಡಾಡಲೇ ಇಲ್ಲ.

ಸಿಟ್ಟು ಎಂಬುದು ಹತ್ತಿರದವನನ್ನೇ ಹುಡುಕುತ್ತದೆ. ಸರ್ಕಾರವನ್ನು ನಾನು ಕಂಡವನಲ್ಲ. ನಾನು ಕಂಡದ್ದು ಹುಲೆಪ್ಪನ ಬಾಯಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ನಾನು ಮಳೆಯಲ್ಲೇ ಕೇರಿಗೆ ಹೋಗಿ ಮಲ್ಕಮ್ಮನ ಬಾಗಿಲಲ್ಲಿ ನಿಂತೆ.

"ಏ ಮಲ್ಕಿ! ನಿನ್ನ ಗಂಡ ಸುಳ್ಳ ಡಂಗುರ ಹೊಡದು ಊರು ಹಾಳ ಮಾಡಿ ಹೋದ. ನಮ್ಮವ್ವನ ಕಾಲು ಯಾಂವ ಕೊಡ್ತಾನ?"

ಅವಳ ಮನೆಯ ಮಾಳಿಗೆಯೂ ತೆರೆದೇ ಇತ್ತು. ತಲೆಯ ಮೇಲೆ ಗೋಣಿ ಹೊದ್ದು ನಿಂತಿದ್ದಳು. "ಅಂವ ಕೇಳಿದ್ದ ಹೇಳ್ಯಾನ್ರಿ" ಎಂದಳು, ಅಷ್ಟೇ. ನಾನು ಅಲ್ಲಿಗೆ ನಿಲ್ಲಿಸಲಿಲ್ಲ. ಗಾಣಕ್ಕೆ ಬಂದವರಿಗೆಲ್ಲ ಅದನ್ನೇ ಹೇಳಿದೆ. ಬಾವಿಕಟ್ಟೆಯಲ್ಲಿ ಹೇಳಿದೆ, ಗುಡಿಯ ಮುಂದೆ ಹೇಳಿದೆ. ಮಾತಿಗೆ ಕಾಲು ಬಂದವು. ನಾಗರಪಂಚಮಿಯ ಹೊತ್ತಿಗೆ ಊರಲ್ಲಿ ಹೊಸ ಗಾದೆಯೇ ಹುಟ್ಟಿತು. ಯಾರಾದರೂ ಕೊಟ್ಟ ಮಾತು ತಪ್ಪಿಸಿದರೆ, "ಅದು ಹುಲೆಪ್ಪನ ಡಂಗುರ ಬಿಡು" ಎನ್ನತೊಡಗಿದರು. ಮಲ್ಕಮ್ಮ ನೀರಿಗೆ ಹೋಗುವ ದಾರಿಯಲ್ಲೇ ಅನ್ನುತ್ತಿದ್ದರು. ಅವಳು ಕೊಡ ಕೆಳಗಿಟ್ಟು ಅಂದವರ ಮುಖ ಒಮ್ಮೆ ನೋಡಿ, ಮತ್ತೆ ಕೊಡ ಎತ್ತಿಕೊಂಡು ಹೋಗುತ್ತಿದ್ದಳು.

ಆ ವರ್ಷದ ದಸರೆಗೆ ಮತ್ತೆ ಇಲಿ ಬಿದ್ದವು. ಮೊದಲ ಇಲಿ ಗೌಡರ ಮನೆಯ ಕಾಳು ತುಂಬುವ ಹಗೇವಿನ ಬಾಯಲ್ಲೇ ಸತ್ತು ಬಿದ್ದಿತ್ತು.

ಹೊಸ ಸಾಹೇಬರು ಓಡಿ ಬಂದರು. ಹೈದರಾಬಾದಿನ ಕಡೆಯವರು, ಮೂವತ್ತೈದು ದಾಟದ ವಯಸ್ಸು, ಕನ್ನಡ ನಿಧಾನಕ್ಕೆ ಆಡುತ್ತಿದ್ದರು. ಜೊತೆಗೆ ಅವರ ಕಾಗದಪತ್ರ ಓದುವ ಪೇಶಕಾರ ಖಾದರಸಾಬರು. ಡಂಗುರ ಹೊಡೆಸಿರಿ ಎಂದರು. ಹೊಡೆಯುವವನಿಲ್ಲ. ಹಲಗಿ ಮಲ್ಕಮ್ಮನ ಮನೆಯಲ್ಲಿದೆ, ಅವಳು ಕೊಡುವುದಿಲ್ಲ. ಕಡೆಗೆ ಪಟವಾರಿಯೇ ರುಮಾಲು ಸರಿಮಾಡಿಕೊಂಡು ಓಣಿ ಓಣಿ ಕೂಗುತ್ತ ಹೋದ. ಹೆಂಗಸರು ಕಿಟಕಿಯಲ್ಲಿ ನಿಂತು ನಕ್ಕರು. ಒಬ್ಬರೂ ಗಂಟುಮೂಟೆ ಕಟ್ಟಲಿಲ್ಲ. ಮರುದಿನ ಬೆಳಿಗ್ಗೆ ಸಾಹೇಬರು ಊರನ್ನೆಲ್ಲ ಚಾವಡಿಗೆ ಕರೆಸಿದರು.

"ಜೀವ ಮುಖ್ಯ ಅಲ್ಲೇನು ನಿಮಗ? ಯಾಕ ಹೊರಗ ಹೋಗವಲ್ರಿ?" ಎಂದರು.

ಎಲ್ಲರೂ ಒಮ್ಮೆಗೇ ಬಾಯಿ ತೆರೆದರು. ಹೋದ ವರ್ಷದ ಮಾಳಿಗೆ ಮುಚ್ಚಿಲ್ಲ, ಈ ವರ್ಷ ಯಾವುದನ್ನು ತೆರೆಯುವುದು ಎಂದರು ಕೆಲವರು. ಸರ್ಕಾರ ಮಾತು ಕೊಟ್ಟಿತ್ತು ಎಂದರು ಹಲವರು. ನಾನು ಎಲ್ಲರಿಗಿಂತ ಮುಂದೆ ನಿಂತು, "ನಮ್ಮವ್ವನ್ನ ಹೊರಸಿನ ಮ್ಯಾಲ ಹೊತ್ತ ತರ್ತೇನಿ, ನೋಡ್ರಿ ಸಾಹೇಬ್ರ. ಅದು ನಿಮ್ಮ ಮಾತಿನ ಫಲ!" ಎಂದು ಅರಚಿದೆ.

ಸಾಹೇಬರು ಖಾದರಸಾಬರ ಕಡೆ ನೋಡಿದರು. ಅವರು ಹೋದ ವರ್ಷದ ಕಾಗದಗಳನ್ನು ಬಿಡಿಸಿ, ಒಂದೊಂದಾಗಿ ತಿರುವಿದರು. "ಊರು ಖಾಲಿ ಮಾಡ್ಸೂದು, ಮಾಳಗಿ ತೆರೆಸೂದು, ಎರಡೂ ಅವ. ಮುಚ್ಚಿಸಿ ಕೊಡೂದು ಇದರಾಗ ಇಲ್ರಿ."

"ಅಂದಮ್ಯಾಲ ಮುಚ್ಚಿಸಿ ಕೊಡ್ತೇವಿ ಅಂತ ಹೇಳಿದವರು ಯಾರು?" ಸಾಹೇಬರು ಪಟವಾರಿಯನ್ನು ಕೇಳಿದರು.

ಪಟವಾರಿ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡ. "ಡಂಗುರದಾಂವ ತಾನೇ ಸೇರಿಸಿರಬೇಕ್ರಿ. ಜನ ಖುಷಿಯಾಗ್ಲಿ ಅಂತ. ಈಗ ಸತ್ತಾನ, ಕೇಳೂದು ಯಾರಿಗೆ?"

ಗೌಡರು ಕೈಯಲ್ಲಿದ್ದ ಎಲೆಗೆ ಸುಣ್ಣ ಹಚ್ಚುತ್ತಲೇ ಇದ್ದರು. ಒಂದು ಎಲೆಗೆ ಅಷ್ಟು ಸುಣ್ಣ ಯಾರೂ ಹಚ್ಚುವುದಿಲ್ಲ.

ಆಗ ಹಲಗಿಯ ಒಂದು ಪೆಟ್ಟು ಕೇಳಿಸಿತು. ಜನ ಬದಿಗೆ ಸರಿದರು. ಚಾವಡಿಯ ಕಟ್ಟೆಯ ಕೆಳಗೆ, ಕೇರಿಯವರು ನಿಲ್ಲುವ ಜಾಗದಲ್ಲಿ, ಮಲ್ಕಮ್ಮ ನಿಂತಿದ್ದಳು. ಹಲಗಿ ಅವಳ ಎಡಗೈಯಲ್ಲಿತ್ತು. ಹೆಂಗಸು ಹಲಗಿ ಮುಟ್ಟಿದ್ದನ್ನು ನಾವು ಕಂಡಿರಲಿಲ್ಲ.

"ನಾ ಹುಲೆಪ್ಪನ ಹೇಣತಿ ಇದ್ದೇನ್ರಿ. ನನ್ನ ಗಂಡ ಸೇರಿಸ್ಯಾನ ಅಂತ ಅಂದ್ರಿ. ಸತ್ತಾಂವ ಮಾತಾಡಂಗಿಲ್ಲ. ನಾ ಮಾತಾಡ್ತೇನಿ, ಕೇಳ್ರಿ."

ಅವಳು ಹಲಗಿಯನ್ನು ಕೋಲಿನಿಂದ ಬಾರಿಸಲಿಲ್ಲ. ಅಂಗೈಯಿಂದ, ರೊಟ್ಟಿ ಬಡಿಯುವ ಹಾಗೆ ತಟ್ಟಿದಳು. ತಟ್ಟುತ್ತ ಒಂದು ಹಳೆಯ ಡಂಗುರ ಹೇಳಿದಳು. ಕೆರೆಯ ಒಡ್ಡು ಕಟ್ಟಲು ಮನೆಗೊಂದಾಳು ಬರಬೇಕು, ಸೋಮವಾರ ಬೆಳಿಗ್ಗೆ. ಆಮೇಲೆ ಇನ್ನೊಂದು. ದನದ ಕಾಲುಬೇನೆ, ಹತ್ತು ದಿನ ಸಂತೆಗೆ ದನ ಒಯ್ಯಬಾರದು. ಇನ್ನೊಂದು. ಜುಬಿಲಿಯ ರಾತ್ರಿ ಮನೆಗೆ ಐದು ದೀಪ ಹಚ್ಚಬೇಕು, ಒಂದು ಅಗಸಿಗೆ ಕೊಡಬೇಕು. ಹೀಗೇ ಹೇಳುತ್ತ ಹೋದಳು. ಮೊದಲು ನಗುತ್ತಿದ್ದ ಜನ ಹತ್ತಿರ ಸರಿದು ಕಿವಿಗೊಟ್ಟರು. ಎಷ್ಟೋ ಡಂಗುರ ನಾವು ಮರೆತೇಬಿಟ್ಟಿದ್ದೆವು, ಅವಳ ಕೈ ಮರೆತಿರಲಿಲ್ಲ.

ಸಾಹೇಬರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಖಾದರಸಾಬ, ದಫ್ತರದಾಗ ನೋಡ್ರಿ."

ಕಾಗದದಲ್ಲಿ ಬಂದ ಹುಕುಮಿನ ಡಂಗುರ ಯಾವಾಗ ಆಯಿತು, ಏನಿತ್ತು ಎಂದು ಪಟವಾರಿಯ ದಫ್ತರದಲ್ಲಿ ಬರೆದಿಡುವ ರೂಢಿ ಇತ್ತು, ಬಾಯಿಮಾತು ಅದರಲ್ಲಿ ಏರುತ್ತಿರಲಿಲ್ಲ. ಖಾದರಸಾಬರು ಬೆರಳಿಟ್ಟು ಹುಡುಕಿದರು. "ಒಡ್ಡಿಂದು ಸೋಮವಾರ, ಬರೋಬ್ಬರಿ ಅದ. ದನದ್ದು ಹತ್ತ ದಿನ, ಬರೋಬ್ಬರಿ. ದೀಪ ಐದು, ಬರೋಬ್ಬರಿ." ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಈಕಿ ಹೇಳಿದ್ದರಾಗ ಒಂದ ಮಾತೂ ಹೆಚ್ಚಿಲ್ರಿ, ಒಂದ ಮಾತೂ ಕಡಮಿ ಇಲ್ರಿ."

"ಹದಿನೇಳು ಹೇಳ್ದೆ" ಎಂದಳು ಮಲ್ಕಮ್ಮ. "ಇದು ಹದಿನೆಂಟನೇದು." ಮತ್ತೆ ತಟ್ಟಿದಳು. ಊರು ಬಿಡಬೇಕು. ಮಾಳಗಿ ತೆರದು ಬಿಸಲು ಬಿಡಬೇಕು. ತೆರದ ಮಾಳಗಿ ಮಿರಗಾ ಕೂಡೂದ್ರೊಳಗ ಸರ್ಕಾರೇ ಮುಚ್ಚಿಸಿ ಕೊಡತದ. ತಟ್ಟುವುದನ್ನು ನಿಲ್ಲಿಸಿದಳು. "ಹದಿನೇಳು ಡಂಗುರ ಖರೆ ಹೊಡದಾಂವ ಹದಿನೆಂಟನೇದರಾಗ ಸುಳ್ಳ ಯಾಕ ಸೇರಿಸ್ಲಿರಿ? ಅವನ ಮನೀ ಮಾಳಗಿನೂ ತೆರದಿತ್ತಲ್ಲ."

ಅವಳ ತೆರೆದ ಮಾಳಿಗೆಯನ್ನು ನಾನು ಆ ದಿನ ಮಳೆಯಲ್ಲಿ ಕಣ್ಣಾರೆ ಕಂಡಿದ್ದೆ. ಕಂಡೂ ನನ್ನ ತಲೆಗೆ ಹೋಗಿರಲಿಲ್ಲ.

ಸಾಹೇಬರು ಖಾದರಸಾಬರ ಕೈಯ ಕಾಗದ ತೆಗೆದುಕೊಂಡು ತಾವೇ ಒಮ್ಮೆ ತಿರುವಿದರು. "ನೋಡವ್ವ, ಕಾಗದದಾಗ ಇಲ್ಲದ್ದು ನಾ ಹೆಂಗ ಒಪ್ಪಲಿ? ಹಿಂದಿನವರು ಬಾಯಿ ಮಾತಿನಾಗ ಏನಂದ್ರೋ ನನಗ ಗೊತ್ತಿಲ್ಲ. ಮೊದಲ ಈಗಿನ ಡಂಗುರ ಹೊಡಿ. ಮಾಳಗಿ ವಿಚಾರ ಆಮ್ಯಾಲ."

"ಹೊಡೀತೇನ್ರಿ. ಆದ್ರ ಹಿಂದಿನ ಡಂಗುರ ಇನ್ನೂ ನಿಂತದ. ಮೊದಲ ಅದನ್ನ ತಗೀಬೇಕು, ಅದು ಊರ ರೂಢಿ. ಹೂಂ ಅನ್ರಿ, ನಾ ಈಗ ಹೋಗ್ತೇನಿ. ಸರ್ಕಾರ ಕೊಟ್ಟ ಮಾತು ಸುಳ್ಳಿತ್ತು, ಯಾರೂ ನಂಬಬ್ಯಾಡ್ರಿ, ಅಂತ ಏಳ ಕಡಿ ಹೊಡೀತೇನಿ. ಆಮ್ಯಾಲ ಅದೇ ಏಳ ಕಡಿ ನಿಂತು, ಸರ್ಕಾರದ ಮಾತು ನಂಬಿ ಊರು ಬಿಡ್ರಿ ಅಂತ ಹೊಡೀತೇನಿ. ಎಷ್ಟ ಮಂದಿ ಬಿಡ್ತಾರ ನೀವ ನೋಡ್ರಿ."

ಸಾಹೇಬರ ಮುಖ ಕೆಂಪೇರಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಒಡೆದ ಮುತ್ತನ್ನು ಅವರ ಅಂಗೈಗೆ ತಂದಿಟ್ಟಿದ್ದಳು.

ನನಗೆ ತಡೆಯಲಾಗಲಿಲ್ಲ. ಗೌಡರ ಕಡೆ ತಿರುಗಿದೆ. "ಗೌಡ್ರ, ಆವತ್ತ ಒಳಗ ನೀವೂ ಇದ್ರಿ. ಲಿಂಗ ಮುಟ್ಟಿ ಹೇಳ್ರಿ. ಹಿಂದಿನ ಸಾಹೇಬ್ರು ಮಾಳಗಿ ಮುಚ್ಚಿಸಿ ಕೊಡ್ತೇವಿ ಅಂದಿದ್ರೋ ಇಲ್ಲೋ?"

"ಶಿವರಾಯ, ನೀ ಸಣ್ಣಾಂವ, ಸುಮ್ನಿರು" ಎಂದರು ಗೌಡರು.

"ಸುಮ್ನಿರಂಗಿಲ್ರಿ. ಅಂದಿಲ್ಲ ಅಂದ್ರ ಅಂದಿಲ್ಲ ಅಂತ ಲಿಂಗ ಮುಟ್ಟ್ರಿ, ಮುಗೀತು."

ಗೌಡರ ಕೈ ಎದೆಯ ಮೇಲಿನ ಕರಡಿಗೆಯ ತನಕ ಹೋಯಿತು. ಬೆಳ್ಳಿಯ ಕರಡಿಗೆ, ಒಳಗೆ ಅವರ ಇಷ್ಟಲಿಂಗ. ಅದರ ಒಂದು ಬೆರಳು ಈಚೆಗೆ ಕೈ ನಿಂತಿತು. ಗೌಡಿಕೆ ಹೋಗುವ ಭಯ ಅವರಿಗೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೂ ಆ ಕೈ ಮುಂದೆ ಹೋಗಲಿಲ್ಲ. ಎಲೆ ಕೆಳಗೆ ಬಿತ್ತು.

"ಅಂದಿದ್ರು" ಎಂದರು. "ನನ್ನ ಮುಂದ, ಪಟವಾರಿ ಮುಂದ ಅಂದಿದ್ರು. ಕಾಗದ ಆಮ್ಯಾಲ ಕಳಸ್ತೇನಿ ಅಂದ್ರು, ಕಳಸ್ಲಿಲ್ಲ. ಹುಲೆಪ್ಪ ಒಂದ ಮಾತೂ ಸೇರಿಸಿಲ್ಲ."

ಪಟವಾರಿ ನೆಲ ನೋಡುತ್ತಿದ್ದ. ಸಾಹೇಬರು ಅವನನ್ನು ಏನೂ ಕೇಳಲಿಲ್ಲ. ಕಾಗದ ಎಳೆದುಕೊಂಡು ತಾವೇ ಬರೆದರು, ಗೌಡರ ರುಜು ಹಾಕಿಸಿದರು, ಖಾದರಸಾಬರಿಂದ ಓದಿಸಿದರು. ಹೋದ ವರ್ಷದ ಮಾಳಿಗೆಗಳನ್ನು ಬರುವ ಮಿರಗಾದೊಳಗೆ ಸರ್ಕಾರ ಮುಚ್ಚಿಸಿಕೊಡುವುದು, ಈ ವರ್ಷ ಯಾರ ಮಾಳಿಗೆಯನ್ನೂ ತೆರೆಯತಕ್ಕದ್ದಲ್ಲ, ಮಾಳಿಗೆಯ ಬೆಳಕಿಂಡಿ ಬಿಚ್ಚಿದರೆ ಸಾಕು.

"ಈಗಾತಿಲ್ಲೋ? ಹೋಗಿ ಹೊಡಿ" ಎಂದರು.

ಮಲ್ಕಮ್ಮ ಅಲುಗಲಿಲ್ಲ. "ಕಾಗದ ನಿಮ್ಮದ್ರಿ, ಹಲಗಿ ನಮ್ಮದು. ಹಲಗಿ ನಾ ಬಾರಸ್ತೇನಿ, ಬಾಯಿ ಕೊಡಂಗಿಲ್ಲ. ನನ್ನ ಮನಿಯವರು ಸರ್ಕಾರಕ್ಕ ಬಾಯಿ ಕೊಟ್ಟು ಸುಳ್ಳ ಅನಿಸಿಕೊಂಡ್ರು. ಈ ಸಲ ಯಾರ ಮಾತದ ಅವರ ಬಾಯಿಂದ ಬರಬೇಕು."

ಪಟವಾರಿ ಹೌಹಾರಿ, "ಏ! ಸಾಹೇಬ್ರು ಓಣಿಯಾಗ ಕೂಗಬೇಕೇನು!" ಎಂದ. ಸಾಹೇಬರು ಕೈ ಎತ್ತಿ ಅವನನ್ನು ಸುಮ್ಮನಾಗಿಸಿದರು. ಕಟ್ಟೆಯ ಮೇಲಿಂದ ಇಲಿ ಬಿದ್ದ ಗೌಡರ ಮನೆ ಕಾಣುತ್ತಿತ್ತು. ಅದನ್ನು ಒಮ್ಮೆ ನೋಡಿ, ಬೂಟು ಹಾಕಿಕೊಂಡು ಮೆಟ್ಟಿಲು ಇಳಿದರು. ಆ ಮನುಷ್ಯನನ್ನು ನಾನು ಈಗಲೂ ಮೆಚ್ಚುತ್ತೇನೆ.

ಅಗಸಿಯಿಂದ ಶುರುವಾಯಿತು. ಮುಂದೆ ಮಲ್ಕಮ್ಮ, ಹಿಂದೆ ಸಾಹೇಬರು, ಅವರ ಹಿಂದೆ ಊರಿಗೂರೇ. ಅವಳು ಹಲಗಿ ತಟ್ಟಿ ನಿಲ್ಲಿಸುವಳು, ಸಾಹೇಬರು ಕೂಗುವರು. ಮೊದಲ ಎರಡು ಕಡೆ ಅವರ ದನಿ ಹಿಂದೆ ನಿಂತವರಿಗೆ ಮುಟ್ಟಲಿಲ್ಲ. ಮಸೂತಿಯ ಹತ್ತಿರ ಬರುವಷ್ಟರಲ್ಲಿ ಸರಿಯಾಯಿತು. ಏಳನೆಯದು ಕೇರಿ. ಅದುವರೆಗೆ ಯಾವ ಸಾಹೇಬನೂ ಅಲ್ಲಿ ಕಾಲಿಟ್ಟಿರಲಿಲ್ಲ. ಕಣಿಕೆ ಹೊದಿಸಿದ ಹುಲೆಪ್ಪನ ಮನೆಯ ಮುಂದೆ ನಿಂತು ಅವರು ಎಲ್ಲವನ್ನೂ ಹೇಳಿದರು. ಮುಗಿಸಿ, ಕಾಗದದಲ್ಲಿ ಇಲ್ಲದ ಒಂದು ಮಾತನ್ನೂ ಹೇಳಿದರು.

"ಹೋದ ವರ್ಷ ಹುಲೆಪ್ಪ ಹೊಡದ ಡಂಗುರ ಖರೆ ಇತ್ತು."

ಮಲ್ಕಮ್ಮನ ಕಣ್ಣು ತುಂಬಿದವು. ಆದರೆ ಕೈ ನಿಲ್ಲಲಿಲ್ಲ, ಕಡೆಯ ತಟ್ಟು ತಟ್ಟಿಯೇ ನಿಂತಳು.

ಮಧ್ಯಾಹ್ನಕ್ಕೆ ಗಾಡಿಗಳು ಹೊರಟವು. ಯಾರನ್ನೂ ಅಟ್ಟಬೇಕಾಗಲಿಲ್ಲ. ನಮ್ಮವ್ವನನ್ನು ಗಾಡಿಗೆ ಏರಿಸಿ ನಾನು ಕೇರಿಗೆ ಓಡಿದೆ. ಮಲ್ಕಮ್ಮ ಗಂಟು ಕಟ್ಟುತ್ತಿದ್ದಳು.

"ಮಲ್ಕವ್ವ, ನಂದು ತಪ್ಪಾತು" ಎಂದೆ. ಹೇಳಿದ ಮೇಲೆ ಹಗುರವಾಯಿತು ಎಂದುಕೊಂಡೆ.

ಅವಳು ಗಂಟಿನ ಹಗ್ಗ ಬಿಗಿದು ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ಬಿಡುವ ಮನಸ್ಸೂ ಇರಲಿಲ್ಲ.

"ನನ್ನೊಬ್ಬಾಕಿ ಮುಂದ ಹೇಳಿದ್ರ ಹೆಂಗ ಆತದರಿ, ಗಾಣದಪ್ಪಾರ? ಸುಳ್ಳ ಅಂತ ನೀವು ಗಾಣದಾಗ ಅಂದ್ರಿ, ಬಾವ್ಯಾಗ ಅಂದ್ರಿ, ಗುಡಿ ಮುಂದ ಅಂದ್ರಿ. ಊರ ತುಂಬ ನಿಂತದ ಆ ಮಾತು."

ಹಾಗೆಂದು ಕಟ್ಟಿದ್ದ ಗಂಟನ್ನು ಕೆಳಗಿಟ್ಟಳು. ಗೂಟದ ಮೇಲಿನ ಹಲಗಿಯನ್ನು ಕೈಗೆ ತೆಗೆದುಕೊಂಡಳು. ಆರಿದ್ದ ಒಲೆಗೆ ನಾಲ್ಕು ಕಣಿಕೆ ಹಾಕಿ ಬೆಂಕಿ ಮಾಡಿ, ಚರ್ಮ ಬಿಗಿಯಾಗುವವರೆಗೆ ಕಾಯಿಸಿದಳು. ನಾನು ಬಾಗಿಲಲ್ಲಿ ನಿಂತು ಕಾದೆ.

ಅಗಸಿಗೆ ಬಂದು ಅವಳು ಹಲಗಿ ತಟ್ಟಿದ್ದೇ, ಊರು ಬಿಡುತ್ತಿದ್ದ ಗಾಡಿಗಳೆಲ್ಲ ನಿಂತವು. ಹಲಗಿ ಕೇಳಿದರೆ ನಿಲ್ಲುವುದು ನಮ್ಮೂರಿನ ಎತ್ತುಗಳಿಗೂ ಗೊತ್ತು. ನಮ್ಮವ್ವ ಗಾಡಿಯಲ್ಲಿ ಮೊಣಕೈ ಊರಿ ಎದ್ದು ನೋಡುತ್ತಿದ್ದಳು. ಮಲ್ಕಮ್ಮ ತಟ್ಟಿ ನಿಲ್ಲಿಸಿದಳು. ನಾನು ಬಾಯಿ ತೆರೆದೆ.

"ಕೇಳ್ರೆಪೋ ಕೇಳ್ರಿ! ಹುಲೆಪ್ಪ ಸುಳ್ಳ ಹೇಳಿದ್ದಿಲ್ಲ. ಸುಳ್ಳ ಹೇಳಿದಾಂವ ನಾನು, ಗಾಣದ ಶಿವರಾಯ!"

ಅವಳು ಆಗಲೇ ಚಾವಡಿಯ ಕಡೆ ನಡೆದಿದ್ದಳು. ಇನ್ನೂ ಆರು ಕಡೆ ಉಳಿದಿದ್ದವು.